ಚೋಕ್ ತೆಗೆದರೆ ನಿಲ್ಲುವ ಎಟಿವಿ: 110 ಸಿಸಿ ಗಾಡಿಯ ಕಾರ್ಬೊರೇಟರ್ ರಿಪೇರಿ ದಾಖಲೆ

ಗಾಡಿ ಚೀನಾ ಮೂಲದ 110 ಸಿಸಿ ಎಟಿವಿ, ಅಂದರೆ ಒರಟು ದಾರಿಗೆ ಮಾಡಿದ ನಾಲ್ಕು ದಪ್ಪ ಚಕ್ರದ ಗಾಡಿ. ಎಂಜಿನ್ ಹೋಂಡಾ ಕಬ್ ವಂಶದ್ದು: ಮಲಗಿದ ಸಿಲಿಂಡರ್, ಫೋರ್ ಸ್ಟ್ರೋಕ್, ಬೋರ್ 52.4 ಮಿ.ಮೀ., ಸ್ಟ್ರೋಕ್ 49.5 ಮಿ.ಮೀ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್ 19 ಮಿ.ಮೀ. ಗಂಟಲಿನ ಪಿಝಡ್19, ಜಪಾನಿನ ಕೇಹಿನ್ ಕಂಪನಿಯ ವಿನ್ಯಾಸದ ನಕಲು. ಆಟೋಮ್ಯಾಟಿಕ್ ಕ್ಲಚ್, ಗೇರ್ ಮುಂದಕ್ಕೆ, ನ್ಯೂಟ್ರಲ್, ಹಿಂದಕ್ಕೆ, ಅಷ್ಟೇ. ಓಡುವ ಜಾಗ ಮಡಿಕೇರಿ ಆಸುಪಾಸಿನ ಕಾಫಿ ತೋಟದ ದಾರಿಗಳು, ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಜೂನ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಶೆಡ್ಡಿನಲ್ಲೇ ನಿಂತಿತ್ತು, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇದ್ದ ಹಾಗೆಯೇ.

ದೂರುಗಳು ಐದು. ಚೋಕ್ (ತಣ್ಣನೆಯ ಎಂಜಿನ್ ಏಳಿಸಲು ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಮುಚ್ಚಳ) ಹಾಕಿದರೆ ಸ್ಟಾರ್ಟ್ ಆಗುತ್ತದೆ, ತೆಗೆದ ಕೂಡಲೇ ನಿಲ್ಲುತ್ತದೆ. ಹೇಗೋ ಬಿಸಿ ಮಾಡಿದರೆ ಥ್ರಾಟಲ್ ಬಿಟ್ಟ ಮೇಲೂ ರೇಸ್ ತಕ್ಷಣ ಇಳಿಯುವುದಿಲ್ಲ, ಮೂರು ನಾಲ್ಕು ಸೆಕೆಂಡ್ ಮೇಲೆಯೇ ನೇತಾಡುತ್ತದೆ. ಹೆಬ್ಬೆರಳಿನಿಂದ ಥ್ರಾಟಲ್ ಒಮ್ಮೆಲೇ ಒತ್ತಿದರೆ ‘ಬ್ವಾ’ ಎಂದು ಉಸಿರು ಕಟ್ಟುತ್ತದೆ. ಪೂರ್ತಿ ಒತ್ತಿದರೂ ವೇಗ ಇಲ್ಲ. ಏರಿನಲ್ಲಿ ನಿಲ್ಲಿಸಿದರೆ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತದೆ.

ಇಂಥ ಪಟ್ಟಿ ಕೇಳಿದ ತಕ್ಷಣ ಕೈ ಹೋಗುವುದು ಏರ್ ಸ್ಕ್ರೂ ಕಡೆಗೆ, ಐಡ್ಲಿಂಗ್‌ನ (ಥ್ರಾಟಲ್ ಬಿಟ್ಟಾಗಿನ ನಿಧಾನ ಓಟದ) ಮಿಶ್ರಣ ಹೊಂದಿಸುವ ತಿರುಪು ಅದು. ಈ ಗಾಡಿಯಲ್ಲೂ ಯಾರದೋ ಕೈ ಆಗಲೇ ಹೋಗಿತ್ತು: ಸ್ಕ್ರೂ ನಾಲ್ಕೂವರೆ ಸುತ್ತು ಹೊರಗಿತ್ತು, ಇನ್ನೊಂದು ಸುತ್ತಿಗೆ ಕಳಚಿ ಬೀಳುವಂತೆ. ಐದು ದೂರಿನಲ್ಲಿ ಆ ಸ್ಕ್ರೂನಿಂದ ಸರಿಯಾಗುವುದು ಒಂದೂ ಇರಲಿಲ್ಲ.

ಕಾರ್ಬೊರೇಟರ್ ಬಿಚ್ಚುವ ಮೊದಲು

ಮೊದಲು ಪೆಟ್ರೋಲ್. ಕಾರ್ಬೊರೇಟರ್‌ನ ತಳದ ಪೆಟ್ರೋಲ್ ಬಟ್ಟಲಿನ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ, ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ಇಲ್ಲಿ ಎರಡು ಪದರ ಕಂಡಿತು: ಮೇಲೆ ಹಳದಿ ಪೆಟ್ರೋಲ್, ತಳದಲ್ಲಿ ಬೆರಳಗಲ ಮಸುಕು ನೀರಿನಂಥದ್ದು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20 ಎಥೆನಾಲ್ ಇದೆ. ಅದು ಗಾಳಿಯ ತೇವ ಹೀರುತ್ತದೆ. ಹೀರಿದ ನೀರು ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಟ್ಟಾಗಿ ತಳಕ್ಕೆ ಇಳಿಯುತ್ತವೆ. ಕೊಡಗಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಎಂದರೆ ಒಳಗೆ ಅಷ್ಟು ತೇವದ ಗಾಳಿಗೆ ಜಾಗ ಕೊಟ್ಟಂತೆ. ಪೆಟ್ರೋಲ್ ಕಾಕಿನ ಬಾಯಿ ಇರುವುದೂ ತಳದಲ್ಲೇ, ಹಾಗಾಗಿ ಎಂಜಿನ್ನಿಗೆ ಮೊದಲು ಹೋಗುವುದು ಈ ನೀರು. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಅರ್ಧ ಲೀಟರ್ ಹೊಸ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲಿ, ಕಾಕಿನ ಜಾಲರಿ ತೊಳೆದು, ಮತ್ತೆ ಹೊಸದು ತುಂಬಿಸಿದ್ದಾಯಿತು.

ಆಮೇಲೆ ಹರಿವಿನ ಪರೀಕ್ಷೆ. ಕಾರ್ಬೊರೇಟರ್ ಕಡೆಯ ಪೈಪ್ ತೆಗೆದು ಅಳತೆ ಬಾಟಲಿಗೆ ಬಿಡಿ, ಟ್ಯಾಂಕಿನ ಮುಚ್ಚಳ ಹಾಕಿಯೇ ಇರಲಿ. ಪೂರ್ತಿ ಥ್ರಾಟಲ್‌ನಲ್ಲಿ ಈ ಗಾತ್ರದ ಎಂಜಿನ್ ಕುಡಿಯುವುದು ನಿಮಿಷಕ್ಕೆ ಸುಮಾರು 40 ಮಿ.ಲೀ. ಪೈಪಿನಿಂದ ನಿಮಿಷಕ್ಕೆ 150 ಮಿ.ಲೀ. ಆದರೂ ಬರಬೇಕು, ಅದೂ ಒಂದೇ ಸಮನೆ. ಇಲ್ಲಿ ಮೊದಲ ಅರ್ಧ ನಿಮಿಷ ಚೆನ್ನಾಗಿ ಬಂದು ಆಮೇಲೆ ಎಳೆಯಾಗಿ ಸಣ್ಣಗಾಯಿತು. ಮುಚ್ಚಳ ಸಡಿಲಿಸಿದರೆ ‘ಸುಯ್’ ಎಂದು ಗಾಳಿ ಒಳಗೆಳೆದುಕೊಂಡು ಹರಿವು ಮತ್ತೆ ಸರಿಯಾಯಿತು. ಮುಚ್ಚಳದ ಗಾಳಿ ರಂಧ್ರಕ್ಕೆ ಕುಂಬಾರ ಹುಳ ಮಣ್ಣು ಮೆತ್ತಿತ್ತು. ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತ ಗಾಡಿಯ ಯಾವ ತೂತನ್ನೂ ಅದು ಬಿಡುವುದಿಲ್ಲ. ಸೈಲೆನ್ಸರ್ ತುದಿ, ಕಾರ್ಬೊರೇಟರ್‌ನ ಗಾಳಿ ಪೈಪಿನ ತುದಿ, ಏರ್ ಫಿಲ್ಟರ್ ಡಬ್ಬಿಯ ಬಾಯಿ, ಎಲ್ಲ ನೋಡಿ.

ವೇಗ ಇಲ್ಲ ಎಂಬ ದೂರಿನ ಉಳಿದರ್ಧ ಹ್ಯಾಂಡಲ್ ಮೇಲೆಯೇ ಸಿಕ್ಕಿತು. ಮಕ್ಕಳಿಗೂ ಬಳಸುವ ಸಣ್ಣ ಎಟಿವಿಗಳ ಹೆಬ್ಬೆರಳು ಥ್ರಾಟಲ್‌ನ ಡಬ್ಬಿಯಲ್ಲಿ ವೇಗ ತಡೆಯುವ ಒಂದು ಸ್ಕ್ರೂ ಇರುತ್ತದೆ. ಅದನ್ನು ಒಳಗೆ ತಿರುಗಿಸಿದಷ್ಟೂ ಥ್ರಾಟಲ್ ತೆರೆಯುವುದು ಕಡಿಮೆ. ಏರ್ ಫಿಲ್ಟರ್‌ನ ರಬ್ಬರ್ ತೋಳು ಕಳಚಿ, ಗಂಟಲೊಳಗೆ ನೋಡುತ್ತಾ ಥ್ರಾಟಲ್ ಒತ್ತಿದರೆ ಗೊತ್ತಾಗುತ್ತದೆ: 19 ಮಿ.ಮೀ. ಏಳಬೇಕಾದ ಸ್ಲೈಡ್ (ಗಂಟಲನ್ನು ತೆರೆದು ಮುಚ್ಚುವ ಉರುಳೆ) 9ರಲ್ಲೇ ನಿಲ್ಲುತ್ತಿತ್ತು. ಪೂರ್ತಿ ಥ್ರಾಟಲ್‌ನಲ್ಲಿ ಪೆಟ್ರೋಲ್ ಅಳೆದು ಬಿಡುವ ಮೇನ್ ಜೆಟ್ಟನ್ನು ಮೇಲಿಂದ ಮೇಲೆ ಬದಲಿಸಿ ಕೊನೆಗೆ ಈ ಸ್ಕ್ರೂ ಕಂಡು ತಲೆ ಚಚ್ಚಿಕೊಳ್ಳುವವರು ಬಹಳ. ಅದೇ ಹೊತ್ತಿಗೆ ಕೇಬಲ್‌ನ ಆಟ 2–3 ಮಿ.ಮೀ. ಇದೆಯೇ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿದರೂ ಸ್ಲೈಡ್ ತಳ ಮುಟ್ಟುತ್ತದೆಯೇ ನೋಡಿಕೊಳ್ಳಿ.

ಟ್ಯಾಪೆಟ್, ಅಂದರೆ ವಾಲ್ವಿನ ಗ್ಯಾಪ್, ನೋಡದೆ ಬಿಡಬೇಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ, ಮ್ಯಾಗ್ನೆಟ್‌ನ ‘ಟಿ’ ಗುರುತು ಕಂಪ್ರೆಶನ್ ಸ್ಟ್ರೋಕಿನಲ್ಲಿ ಗೆರೆಗೆ ಬಂದಾಗ, ಎರಡೂ ವಾಲ್ವಿಗೆ 0.05 ಮಿ.ಮೀ. ಗ್ಯಾಪ್. ಇಲ್ಲಿ ಇನ್‌ಟೇಕ್ ಕಡೆ ಫೀಲರ್ ಗೇಜ್ ನುಗ್ಗಲೇ ಇಲ್ಲ. ವಾಲ್ವ್ ಪೂರ್ತಿ ಕೂರದಿದ್ದರೆ ಐಡ್ಲಿಂಗ್‌ನಲ್ಲಿ ಕಾರ್ಬೊರೇಟರ್ ಒಳಗೇ ಉಗುಳುತ್ತದೆ, ಚೋಕ್ ಇಲ್ಲದೆ ಏಳುವುದಿಲ್ಲ. ಹೊರಗಿನಿಂದ ನೋಡಿದರೆ ಥೇಟ್ ಪೈಲಟ್ ಜೆಟ್ (ಐಡ್ಲಿಂಗ್‌ಗೆ ಪೆಟ್ರೋಲ್ ಬಿಡುವ ಸಣ್ಣ ಜೆಟ್) ಕಟ್ಟಿದ ಲಕ್ಷಣ. ಟ್ಯಾಪೆಟ್ ಸರಿ ಮಾಡದೆ ಮಾಡಿದ ಟ್ಯೂನಿಂಗ್ ಎಲ್ಲ ದಂಡ. ಪ್ಲಗ್ ಹೊಸದು, ಎನ್‌ಜಿಕೆ ಸಿ7ಎಚ್‌ಎಸ್‌ಎ, ಗ್ಯಾಪ್ 0.6 ಮಿ.ಮೀ.

ಬಿಚ್ಚಿ ತೊಳೆದದ್ದು

ಬಟ್ಟಲಿನ ಸ್ಕ್ರೂಗಳ ತಲೆ ನೋಡಲು ಸಾಮಾನ್ಯ ಪ್ಲಸ್ ಆಕಾರವೇ, ಆದರೆ ಗೀರಿನ ಇಳಿಜಾರು ಜಪಾನಿ ಅಳತೆಯದ್ದು. ಚೂಪು ತುದಿಯ ಮಾಮೂಲಿ ಡ್ರೈವರ್ ಹಾಕಿದರೆ ಜಾರಿ ತಲೆ ಬೋಳಾಗುತ್ತದೆ. ಜಪಾನಿ ತುದಿಯ ಡ್ರೈವರ್ ಇಲ್ಲದಿದ್ದರೆ ಮಾಮೂಲಿ ಡ್ರೈವರಿನ ಮೊನೆಯನ್ನು ಒಂದು ಮಿಲಿಮೀಟರಿನಷ್ಟು ಉಜ್ಜಿ ಮೊಂಡು ಮಾಡಿ, ಸ್ಕ್ರೂ ಮೇಲಿಟ್ಟು ಒಂದು ಸಣ್ಣ ಏಟು ಕೊಟ್ಟು ತಿರುಗಿಸಿ.

ಏರ್ ಸ್ಕ್ರೂ ತೆಗೆಯುವ ಮೊದಲು ಒಳಗೆ ತಿರುಗಿಸಿ, ಮೆಲ್ಲಗೆ ತಳ ಮುಟ್ಟುವವರೆಗಿನ ಸುತ್ತು ಎಣಿಸಿ ಬರೆದಿಡಿ. ಬಿಗಿ ಮಾಡಿದರೆ ಸೂಜಿಮೊನೆ ತಾನು ಕೂರುವ ಕುಳಿಯನ್ನು ಅಗಲಿಸುತ್ತದೆ. ಆಮೇಲೆ ಆ ಕಾರ್ಬೊರೇಟರ್ ಯಾವ ಕಾಲಕ್ಕೂ ನೆಟ್ಟಗೆ ಐಡ್ಲಿಂಗ್ ಕೊಡುವುದಿಲ್ಲ.

ಬಟ್ಟಲಿನ ತಳದಲ್ಲಿ ಬಿಳಿ ಪುಡಿ, ಅಂಚಿಗೆ ಹಸಿರು ಕಿಲುಬು. ಮೇನ್ ಜೆಟ್ 78 ನಂಬರ್, ತೂತು ತೆರೆದೇ ಇತ್ತು. ಪೈಲಟ್ ಜೆಟ್ 35 ನಂಬರ್, ಬೆಳಕಿಗೆ ಹಿಡಿದರೆ ಏನೂ ಕಾಣಲಿಲ್ಲ. ಕೇಹಿನ್ ಜೆಟ್ಟಿನ ನಂಬರ್ ಎಂದರೆ ಮಿಲಿಮೀಟರಿನ ನೂರನೇ ಭಾಗದಲ್ಲಿ ತೂತಿನ ಅಗಲ: 35 ಎಂದರೆ 0.35 ಮಿ.ಮೀ., ತಲೆಗೂದಲಿನ ಐದಾರು ಪಟ್ಟು. ಅಷ್ಟು ಸಣ್ಣ ತೂತಿಗೆ ಬಿಳಿ ಪುಡಿಯ ಒಂದು ಕಣ ಸಾಕು. ಮೊದಲ ದೂರಿನ ಮೂಲ ಇದು. ಚೋಕ್ ಹಾಕಿದಾಗ ಗಂಟಲಿನ ಒಳಗೆಲ್ಲ ಸೆಳೆತ ಹೆಚ್ಚಿ ಮೇನ್ ಜೆಟ್ ದಾರಿಯಿಂದಲೂ ಪೆಟ್ರೋಲ್ ಬರುತ್ತದೆ. ಚೋಕ್ ತೆಗೆದರೆ ಐಡ್ಲಿಂಗ್‌ಗೆ ಪೈಲಟ್ ಒಂದೇ ಗತಿ, ಅದು ಕಟ್ಟಿದೆ.

ಜೆಟ್ಟನ್ನು ಕಾರ್ಬೊರೇಟರ್ ಕ್ಲೀನರ್‌ನಲ್ಲಿ ಅರ್ಧ ಗಂಟೆ ನೆನೆಸಿ, ಸಾದಾ ಎಲೆಕ್ಟ್ರಿಕ್ ವೈರಿನ 0.2 ಮಿ.ಮೀ. ತಾಮ್ರದ ಒಂದೇ ಎಳೆಯಿಂದ ಚುಚ್ಚಿ. ಸೂಜಿ, ಸೇಫ್ಟಿ ಪಿನ್, ಉಕ್ಕಿನ ತಂತಿ ಹತ್ತಿರ ತರಬೇಡಿ, 0.35 ತೂತು 0.40 ಆದರೆ ಪೆಟ್ರೋಲ್ ಹೋಗುವ ಜಾಗ ಶೇ. 30 ಹೆಚ್ಚುತ್ತದೆ. ಕೆಲವು ಅಗ್ಗದ ನಕಲುಗಳಲ್ಲಿ ಪೈಲಟ್ ಜೆಟ್ಟಿಗೆ ತಿರುಗಿಸುವ ಥ್ರೆಡ್ಡೇ ಇರುವುದಿಲ್ಲ, ಒತ್ತಿ ಕೂರಿಸಿರುತ್ತಾರೆ. ಅಂಥದ್ದನ್ನು ಎಳೆಯಲು ಹೋಗದೆ ಕೂತಲ್ಲೇ ಕ್ಲೀನರ್ ಹೊಡೆದು ತೊಳೆಯಬೇಕು.

ಜೆಟ್ ತೆರೆದುಕೊಂಡಿತು ಎಂದು ಮುಚ್ಚಿಬಿಡುವುದು ಮಾಮೂಲಿ ತಪ್ಪು. ಜೆಟ್ಟಿನ ಮುಂದಿನ ದಾರಿಯೂ ಕಟ್ಟಿರುತ್ತದೆ. ಪೈಲಟ್ ಜೆಟ್ ಕೂರುವ ಕುಳಿಗೆ ಕ್ಲೀನರ್‌ನ ಸ್ಟ್ರಾ ಇಟ್ಟು, ಏರ್ ಸ್ಕ್ರೂ ತೂತನ್ನು ಬೆರಳಿನಿಂದ ಮುಚ್ಚಿ ಹೊಡೆಯಿರಿ. ಸ್ಲೈಡಿನ ಎಂಜಿನ್ ಕಡೆಗೆ ಗಂಟಲಿನ ತಳದಲ್ಲಿರುವ ಐಡ್ಲಿಂಗ್ ತೂತು, ಸ್ಲೈಡ್ ಅಂಚಿನ ಕೆಳಗಿರುವ ಬೈಪಾಸ್ ತೂತು, ಎರಡರಿಂದಲೂ ಚಿಲುಮೆ ಚಿಮ್ಮಬೇಕು. ಇಲ್ಲಿ ಮೊದಲ ಸಲ ಬೈಪಾಸ್‌ನಿಂದ ಹನಿಯೂ ಬರಲಿಲ್ಲ. ಮೂರನೇ ಸಲ ಬಂತು. ಥ್ರಾಟಲ್ ಸ್ವಲ್ಪವೇ ತೆರೆದಾಗ ಪೆಟ್ರೋಲ್ ಕೊಡುವುದು ಆ ತೂತು; ಅದು ಕಟ್ಟಿದ್ದರೆ ಐಡ್ಲಿಂಗ್ ಸರಿಯಾಗಿ, ಒತ್ತಿದ ತಕ್ಷಣ ಮುಗ್ಗರಿಸುತ್ತದೆ. ಕ್ಲೀನರ್ ಹೊಡೆಯುವಾಗ ಕನ್ನಡಕ ಹಾಕಿ, ಎದುರಿನ ತೂತಿನಿಂದ ನೇರ ಕಣ್ಣಿಗೇ ಬರುತ್ತದೆ. ಕಂಪ್ರೆಸರ್ ಗಾಳಿ ಹಾಕುವುದಿದ್ದರೆ ಫ್ಲೋಟ್, ಓರಿಂಗ್‌ಗಳನ್ನು ತೆಗೆದಿಟ್ಟ ಮೇಲೆ.

ಮೇನ್ ಜೆಟ್ಟಿನ ಮೇಲಿರುವ ಹಿತ್ತಾಳೆ ಕೊಳವೆಯ ಪಕ್ಕದ ಸಣ್ಣ ತೂತುಗಳನ್ನೂ ಬೆಳಕಿಗೆ ಹಿಡಿದು ನೋಡಿ. ಅವು ಕಟ್ಟಿದರೆ ಅರ್ಧ ಥ್ರಾಟಲ್‌ನಲ್ಲಿ ಕಾರಣವಿಲ್ಲದೆ ರಿಚ್ (ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚು) ಆಗುತ್ತದೆ, ಸ್ಲೈಡಿಗೆ ನೇತುಬಿದ್ದ ನೀಡಲ್ ಎಷ್ಟು ಇಳಿಸಿದರೂ ಸರಿಹೋಗುವುದಿಲ್ಲ.

ರೇಸ್ ನೇತಾಡಿದ್ದು

ಥ್ರಾಟಲ್ ಬಿಟ್ಟರೂ ರೇಸ್ ಇಳಿಯದಿದ್ದರೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಬರುತ್ತಿದೆ. ಈ ಎಂಜಿನ್‌ಗಳಲ್ಲಿ ಕಾರ್ಬೊರೇಟರ್ ಮತ್ತು ಮ್ಯಾನಿಫೋಲ್ಡ್ ನಡುವೆ ಶಾಖ ತಡೆಯುವ ದಪ್ಪ ಫೈಬರ್ ಪ್ಯಾಕಿಂಗ್, ಜೊತೆಗೆ ಓರಿಂಗ್ ಇರುತ್ತವೆ. ಎರಡು 6 ಮಿ.ಮೀ. ಬೋಲ್ಟ್‌ಗಳನ್ನು ಮೈಬಲ ಹಾಕಿ ಎಳೆದಾಗ ಕಾರ್ಬೊರೇಟರಿನ ಕಿವಿಗಳು ಬಾಗಿ ನಡುವೆ ಗ್ಯಾಪ್ ಬೀಳುತ್ತದೆ. ಸೋರುತ್ತಿದೆ ಎಂದು ಇನ್ನಷ್ಟು ಬಿಗಿ ಮಾಡಿದರೆ ಇನ್ನಷ್ಟು ಬಾಗುತ್ತದೆ.

ಪತ್ತೆಗೆ: ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸ್ಪ್ರೇ ಬಾಟಲಿಯಿಂದ ಸೋಪು ನೀರನ್ನು ಜೋಡಣೆಯ ಸುತ್ತ ಹನಿಸಿ. ಸದ್ದು ಬದಲಾದ ಜಾಗವೇ ಸೋರಿಕೆ. ಪೆಟ್ರೋಲ್ ಅಥವಾ ಕ್ಲೀನರ್ ಸ್ಪ್ರೇ ಹೊಡೆದು ನೋಡುವ ಅಭ್ಯಾಸ ಉಂಟು. ಬಿಸಿ ಸೈಲೆನ್ಸರ್ ಒಂದು ಗೇಣು ದೂರದಲ್ಲಿರುವ ಈ ಗಾಡಿಯಲ್ಲಿ ಅದು ಬೆಂಕಿಗೆ ಆಹ್ವಾನ.

ಇಲ್ಲಿ ಉಕ್ಕಿನ ಸ್ಕೇಲನ್ನು ಮುಖಕ್ಕೆ ಅಡ್ಡ ಇಟ್ಟರೆ ನಡುವೆ ಬೆಳಕು ಕಂಡಿತು. ದಪ್ಪ ಗಾಜಿನ ಮೇಲೆ 400 ನಂಬರ್ ಎಮರಿ ಪೇಪರ್ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಮುಖವನ್ನು ಎಂಟರ ಆಕಾರದಲ್ಲಿ ಉಜ್ಜಿ ಮಟ್ಟ ಮಾಡಿ, ಹೊಸ ಓರಿಂಗ್ ಹಾಕಿದ್ದಾಯಿತು. ಉಜ್ಜುವಾಗ ಓರಿಂಗ್ ಕೂರುವ ಗೀರಿನ ಆಳ ಕಡಿಮೆಯಾಗುತ್ತದೆ, ಅತಿ ಮಾಡಬೇಡಿ. ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಅರ್ಧರ್ಧ ಸುತ್ತು ಬಿಗಿ ಮಾಡಿ, 10 ನ್ಯೂಟನ್ ಮೀಟರ್ ಮೀರದಂತೆ. ರೇಸ್ ನೇತಾಡುವುದು ಅಲ್ಲಿಗೆ ನಿಂತಿತು.

ಫ್ಲೋಟ್

ಏರಿನಲ್ಲಿ ತೊಟ್ಟಿಕ್ಕುವುದಕ್ಕೆ ಕಾರಣ ಫ್ಲೋಟ್ ನೀಡಲ್, ಬಟ್ಟಲಿನಲ್ಲಿ ತೇಲುವ ಫ್ಲೋಟ್ ಮೇಲೆದ್ದಾಗ ಪೆಟ್ರೋಲಿನ ದಾರಿ ಮುಚ್ಚುವ ಸೂಜಿ. ಅದರ ರಬ್ಬರ್ ಮೊನೆಯಲ್ಲಿ ಸುತ್ತಲೂ ಒಂದು ಗೀರು ಬಿದ್ದಿತ್ತು, ಕೂರುವ ಕುಳಿಯಲ್ಲಿ ಅದೇ ಬಿಳಿ ಪುಡಿ. ಕುಳಿಯನ್ನು ಕಿವಿಕಡ್ಡಿಗೆ ಮೆಟಲ್ ಪಾಲಿಶ್ ಹಚ್ಚಿ ತಿಕ್ಕಿ ತೊಳೆದು, ನೀಡಲ್ ಹೊಸದು ಹಾಕಬೇಕು. ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ. ಬಂದರೆ ಅದು ತೂತು.

ಮಟ್ಟ ನೋಡಲು ಬಟ್ಟಲಿನ ಡ್ರೈನ್ ಬಾಯಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಬಟ್ಟಲಿನ ಪಕ್ಕಕ್ಕೆ ಮೇಲಕ್ಕೆ ಹಿಡಿದು ಡ್ರೈನ್ ಸ್ಕ್ರೂ ಸಡಿಲಿಸಿ. ಗಾಡಿ ಸಮತಟ್ಟು ನೆಲದಲ್ಲಿರಬೇಕು. ಪೈಪಿನಲ್ಲಿ ಪೆಟ್ರೋಲ್ ಬಟ್ಟಲು ಸೇರುವ ಗೆರೆಗಿಂತ 2–4 ಮಿ.ಮೀ. ಕೆಳಗೆ ನಿಂತರೆ ಸರಿ. ಇಲ್ಲಿ ಗೆರೆಗೇ ಸಮ ಇತ್ತು, ಹೊಸ ನೀಡಲ್ ಹಾಕಿದ ಮೇಲೆ 3 ಮಿ.ಮೀ. ಕೆಳಗೆ ಬಂತು. ಫ್ಲೋಟಿನ ನಾಲಗೆ ಹಿತ್ತಾಳೆಯದ್ದಾದರೆ ಬಗ್ಗಿಸಿ ಹೊಂದಿಸಬಹುದು, ಪ್ಲಾಸ್ಟಿಕ್ ಆದರೆ ಬಗ್ಗಿಸಿದರೆ ಮುರಿಯುತ್ತದೆ. ರಸ್ತೆಯ ಬೈಕಿಗೆ ಒಂದೆರಡು ಮಿಲಿಮೀಟರ್ ಹೆಚ್ಚು ಕಡಿಮೆ ನಡೆಯುತ್ತದೆ. ತೋಟದ ಇಳಿಜಾರಿನಲ್ಲಿ ವಾಲಿ ನಿಲ್ಲುವ ಎಟಿವಿಗೆ ನಡೆಯುವುದಿಲ್ಲ.

ಬಟ್ಟಲಿನ ಗಾಳಿ ಪೈಪ್ ಕೆಳಕ್ಕೆ ನೇತಾಡುತ್ತಿತ್ತು. ತೋಡು ದಾಟುವಾಗ ಅದರ ತುದಿ ನೀರಿನಲ್ಲಿ ಮುಳುಗಿದರೆ ಬಟ್ಟಲಿಗೆ ಗಾಳಿ ಸಿಗದೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ, ನೀರಿನ ನಡುವೆಯೇ ಎಂಜಿನ್ ಆಫ್. ಆ ಪೈಪನ್ನು ಮಾತ್ರ ಹ್ಯಾಂಡಲ್ ಕಂಬದವರೆಗೆ ಮೇಲಕ್ಕೆ ಒಯ್ದು ಕಟ್ಟಿ. ಓವರ್‌ಫ್ಲೋ ಪೈಪ್ ಕೆಳಕ್ಕೇ ಇರಲಿ.

ಈಗ ಟ್ಯೂನಿಂಗ್

ಸ್ಲೈಡ್ ಹಾಕುವಾಗ ಓರೆಯಾಗಿ ಕತ್ತರಿಸಿದ ಅಂಚು ಏರ್ ಫಿಲ್ಟರ್ ಕಡೆಗಿರಬೇಕು, ಪಕ್ಕದ ಗೀರು ಒಳಗಿನ ಪಿನ್ನಿಗೆ ಕೂರಬೇಕು. ತಪ್ಪಿ ಕೂತು ಸಿಕ್ಕಿಹಾಕಿಕೊಂಡರೆ ಸೆಲ್ಫ್ ಒತ್ತಿದ ತಕ್ಷಣ ಪೂರ್ತಿ ರೇಸ್. ಆಟೋ ಕ್ಲಚ್ ಗಾಡಿಯಲ್ಲಿ ಹಾಗಾದರೆ ನಿಂತವರ ಮೇಲೆಯೇ ಹೋಗುತ್ತದೆ. ಸ್ಟಾರ್ಟ್ ಮಾಡುವ ಮೊದಲು ಥ್ರಾಟಲ್ ಬಿಟ್ಟಾಗ ‘ಟಕ್’ ಎಂದು ಸ್ಲೈಡ್ ಬೀಳುವ ಸದ್ದು ಕೇಳಿಸಿಕೊಳ್ಳಿ. ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ, ಇಲ್ಲವೇ ಚಕ್ರಕ್ಕೆ ಕಲ್ಲು ಕೊಟ್ಟು ನ್ಯೂಟ್ರಲ್‌ನಲ್ಲಿಡಿ.

ಥ್ರಾಟಲ್‌ಗೆ ಗುರುತು ಹಾಕಿಕೊಳ್ಳಿ. ಗಂಟಲಿನಲ್ಲಿ ಸ್ಲೈಡ್ 5, 10, 14 ಮಿ.ಮೀ. ಎದ್ದಾಗ ಹೆಬ್ಬೆರಳು ಪಟ್ಟಿ ಎಲ್ಲಿರುತ್ತದೋ ಅಲ್ಲಿ ಪೇಂಟಿನ ಚುಕ್ಕೆ ಇಡಿ. ಇವೇ ಕಾಲು, ಅರ್ಧ, ಮುಕ್ಕಾಲು. ಕಾಲಿನವರೆಗೆ ಪೈಲಟ್ ಮತ್ತು ಸ್ಲೈಡಿನ ಓರೆ, ಕಾಲಿನಿಂದ ಮುಕ್ಕಾಲಿಗೆ ನೀಡಲ್, ಅಲ್ಲಿಂದ ಮೇಲೆ ಮೇನ್ ಜೆಟ್. ತೊಂದರೆ ಯಾವ ಚುಕ್ಕೆಯಲ್ಲಿ ಬರುತ್ತದೆ ಎನ್ನುವುದೇ ಯಾವ ಭಾಗ ಮುಟ್ಟಬೇಕು ಎಂಬುದರ ಉತ್ತರ. ಎಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಏರ್ ಸ್ಕ್ರೂ ಎಂದು ಎಲ್ಲವನ್ನೂ ಕರೆದರೂ ಎರಡು ಜಾತಿ ಇವೆ. ಸ್ಕ್ರೂ ಸ್ಲೈಡಿನಿಂದ ಏರ್ ಫಿಲ್ಟರ್ ಕಡೆಗಿದ್ದರೆ ಅದು ಗಾಳಿ ಬಿಡುವುದು: ಹೊರಗೆ ತಿರುಗಿಸಿದರೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಎಂಜಿನ್ ಕಡೆಗಿದ್ದರೆ ಪೆಟ್ರೋಲ್ ಮಿಶ್ರಣ ಬಿಡುವುದು: ಹೊರಗೆ ತಿರುಗಿಸಿದರೆ ರಿಚ್. ಈ ಗಾಡಿಯದ್ದು ಮೊದಲ ಜಾತಿ. ನಾಲ್ಕೂವರೆ ಸುತ್ತು ಬಿಚ್ಚಿದವರು ರಿಚ್ ಮಾಡುತ್ತಿದ್ದೇವೆ ಎಂದುಕೊಂಡಿರಬೇಕು.

ಹತ್ತು ನಿಮಿಷ ಓಡಿಸಿ ಬಿಸಿ ಮಾಡಿ, ಐಡ್ಲಿಂಗ್ 1,500 ಆರ್‌ಪಿಎಂಗೆ ತಂದು, ಸ್ಕ್ರೂ ಒಂದೂವರೆ ಸುತ್ತಿನಲ್ಲಿಟ್ಟು ಶುರು. ಎಂಟನೇ ಒಂದು ಸುತ್ತಿನಂತೆ ತಿರುಗಿಸಿ, ಪ್ರತಿ ಸಲ ಹತ್ತು ಸೆಕೆಂಡ್ ಕಾಯಿರಿ. ರೇಸ್ ಅತಿ ಹೆಚ್ಚು ಏರುವ ಜಾಗದಲ್ಲಿ ನಿಲ್ಲಿಸಿ, ಐಡ್ಲಿಂಗ್ ಸ್ಕ್ರೂನಿಂದ ಮತ್ತೆ 1,500ಕ್ಕೆ ಇಳಿಸಿ, ಇನ್ನೊಮ್ಮೆ ನೋಡಿ. ಇಲ್ಲಿ ಸಿಕ್ಕಿದ್ದು ಒಂದೂಕಾಲು ಸುತ್ತು. ಗಾಳಿ ಸ್ಕ್ರೂ ಮುಕ್ಕಾಲು ಸುತ್ತಿಗಿಂತ ಒಳಗೆ ಹೋದರೆ ಮಾತ್ರ ಸರಿ ಎನಿಸಿದರೆ ಪೈಲಟ್ ಒಂದು ನಂಬರ್ ದೊಡ್ಡದು ಬೇಕು. ಎರಡೂವರೆ ದಾಟಿದರೆ ಚಿಕ್ಕದು. ಐಡ್ಲಿಂಗ್ 1,700 ದಾಟಿಸಬೇಡಿ. ಕ್ಲಚ್ ಹಿಡಿಯತೊಡಗಿ ಗೇರ್ ಹಾಕುವಾಗ ‘ಕರಕ್’ ಎನ್ನುತ್ತದೆ, ಬ್ರೇಕ್ ಬಿಟ್ಟರೆ ಗಾಡಿ ತಾನೇ ತೆವಳುತ್ತದೆ.

ಮೇನ್ ಜೆಟ್ಟಿನ ಲೆಕ್ಕ ಸ್ವಾರಸ್ಯದ್ದು. 1,150 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10 ಕಡಿಮೆ. ಸ್ಲೈಡ್ ಕಾರ್ಬೊರೇಟರ್‌ನಲ್ಲಿ ಅದರಿಂದ ಮಿಶ್ರಣ ಸುಮಾರು ಶೇ. 5 ರಿಚ್ ಆಗುತ್ತದೆ. ತೂತಿನ ಜಾಗ ಶೇ. 5 ಇಳಿಸಲು ಅಗಲ ಶೇ. 2.5 ಇಳಿಸಿದರೆ ಸಾಕು, ಅಂದರೆ 78 ಇದ್ದಲ್ಲಿ 76. ಗುಡ್ಡಕ್ಕೆ ಬಂದರೆ ಜೆಟ್ ಚಿಕ್ಕದು ಮಾಡಿ ಎನ್ನುವ ಹಳೆಯ ಮಾತು ಬಂದದ್ದು ಇಲ್ಲಿಂದ. ಆದರೆ ಬರೀ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಾದಲ್ಲಿ ಇ20ಗೆ ಸುಮಾರು 13.5 ಸಾಕು. ಹಳೆಯ ಜೆಟ್ಟಿನಲ್ಲೇ ಇ20 ಹಾಕಿದರೆ ಮಿಶ್ರಣ ಶೇ. 7–8 ಲೀನ್. ಒಂದು ರಿಚ್ ಕಡೆಗೆ ಎಳೆದರೆ ಇನ್ನೊಂದು ಲೀನ್ ಕಡೆಗೆ. ಕೂಡಿ ಕಳೆದರೆ ಮಡಿಕೇರಿಯಲ್ಲಿ ಕಾರ್ಖಾನೆಯ 78 ಹೆಚ್ಚುಕಡಿಮೆ ಸರಿ, ಸ್ವಲ್ಪ ಲೀನ್ ಇದ್ದೀತು. ಅದೇ ಗಾಡಿ ಮಂಗಳೂರಿಗೆ ಇಳಿದರೆ ಇ20ಯ ಪರಿಣಾಮ ಪೂರ್ತಿ ಕಾಣುತ್ತದೆ, ಅಲ್ಲಿ 80–82 ಬೇಕು.

ಲೆಕ್ಕವನ್ನು ಏರಿನಲ್ಲಿ ಪರೀಕ್ಷಿಸಿ. ಪೂರ್ತಿ ಥ್ರಾಟಲ್‌ನಲ್ಲಿ ಹತ್ತು ಸೆಕೆಂಡ್ ಎಳೆದು, ಹೆಬ್ಬೆರಳನ್ನು ಕೂದಲೆಳೆಯಷ್ಟು ಸಡಿಲಿಸಿ. ಆ ಕ್ಷಣ ಎಂಜಿನ್ ಮುಂದಕ್ಕೆ ಜಿಗಿದಂತಾದರೆ ಲೀನ್, ಜೆಟ್ ದೊಡ್ಡದಾಗಬೇಕು. ಮೊದಲೇ ಗುಟುರು ಹಾಕುತ್ತಾ ಮಿಸ್ಸಿಂಗ್ ಹೊಡೆಯುತ್ತಿದ್ದರೆ ರಿಚ್. ಇಲ್ಲಿ 78ರಲ್ಲಿ ಸಣ್ಣ ಜಿಗಿತ ಇತ್ತು, 80 ಹಾಕಿದ ಮೇಲೆ ಹೋಯಿತು. ನಕಲು ಜೆಟ್‌ಗಳ ನಂಬರನ್ನು ಪೂರ್ತಿ ನಂಬಬೇಡಿ. ಒಂದೇ ಪೊಟ್ಟಣದ ಎರಡು 80ಗಳು ಒಂದೇ ಅಳತೆ ಇರುವುದಿಲ್ಲ. ಪ್ಲಗ್‌ನ ಬಣ್ಣ ನೋಡಿ ಹೇಳುವ ವಿದ್ಯೆಯೂ ಈಗಿನ ಪೆಟ್ರೋಲಿನಲ್ಲಿ ಅಷ್ಟು ನೆಚ್ಚುವಂಥದ್ದಲ್ಲ, ಬೆಳ್ಳಗಿದ್ದ ಮಾತ್ರಕ್ಕೆ ಲೀನ್ ಎಂದು ಹಾರಬೇಡಿ.

ಕಾಲು ಮತ್ತು ಅರ್ಧದ ನಡುವೆ ಎಳೆತ ಇನ್ನೂ ಮಂಕಾಗಿತ್ತು. ಚೋಕನ್ನು ಸ್ವಲ್ಪವೇ ಎಳೆದರೆ ಚುರುಕಾಯಿತು, ಅಂದರೆ ಅಲ್ಲಿ ಲೀನ್. ಇದರ ನೀಡಲ್‌ಗೆ ಕ್ಲಿಪ್ಪಿನ ಗೀರು ಒಂದೇ. ಐದು ಗೀರಿನ ನೀಡಲ್ ಆಗಿದ್ದರೆ ಕ್ಲಿಪ್ ಒಂದು ಗೀರು ಕೆಳಗಿಳಿಸಬಹುದಿತ್ತು. ಇಲ್ಲದ್ದರಿಂದ ಕ್ಲಿಪ್ಪಿನ ಕೆಳಗೆ 0.5 ಮಿ.ಮೀ. ದಪ್ಪದ ಸಣ್ಣ ವಾಷರ್ ಹಾಕಿ ನೀಡಲ್ ಎತ್ತಿದ್ದಾಯಿತು. ವಾಷರ್ ಗಂಟಲಿಗೆ ಜಾರಿ ಬೀಳದಂತೆ ಸ್ಪ್ರಿಂಗ್ ಒತ್ತಿಕೊಂಡಿದೆಯೇ ಎರಡು ಸಲ ನೋಡಿ.

ಒಮ್ಮೆಲೇ ಒತ್ತಿದಾಗಿನ ಉಸಿರುಕಟ್ಟು ಮುಕ್ಕಾಲು ಪಾಲು ಹೋಗಿದೆ, ಪೂರ್ತಿ ಹೋಗಿಲ್ಲ, ಹೋಗುವುದೂ ಇಲ್ಲ. ಈ ಕಾರ್ಬೊರೇಟರ್‌ಗೆ ಆಕ್ಸಿಲರೇಟರ್ ಪಂಪ್ ಇಲ್ಲ. ಸ್ಲೈಡ್ ತಟ್ಟನೆ ಎದ್ದಾಗ ಗಂಟಲಿನ ಗಾಳಿಯ ವೇಗ ಕುಸಿಯುತ್ತದೆ, ಪೆಟ್ರೋಲ್ ಮೇಲೇಳಲು ಅರೆಕ್ಷಣ ಬೇಕು. ಅದನ್ನು ಮುಚ್ಚಲು ಪೈಲಟ್ ರಿಚ್ ಮಾಡುತ್ತಾ ಹೋದರೆ ನಿಧಾನದ ಓಟದಲ್ಲಿ ಪ್ಲಗ್ ಮಸಿ ಹಿಡಿಯುತ್ತದೆ. ಹೆಬ್ಬೆರಳನ್ನು ಅರೆ ಸೆಕೆಂಡ್ ನಿಧಾನ ಮಾಡುವುದೇ ಅಗ್ಗದ ಉಪಾಯ.

ಕೊನೆಯ ಸೆಟ್ಟಿಂಗ್: ಮೇನ್ 80, ಪೈಲಟ್ 35, ಗಾಳಿ ಸ್ಕ್ರೂ ಒಂದೂಕಾಲು ಸುತ್ತು, ನೀಡಲ್ ಕ್ಲಿಪ್ಪಿನ ಕೆಳಗೆ 0.5 ಮಿ.ಮೀ. ವಾಷರ್, ಪೆಟ್ರೋಲ್ ಮಟ್ಟ ಗೆರೆಯಿಂದ 3 ಮಿ.ಮೀ. ಕೆಳಗೆ, ಐಡ್ಲಿಂಗ್ 1,500. ಇದನ್ನು ಮಾರ್ಕರ್‌ನಿಂದ ಸೀಟಿನ ಅಡಿಯಲ್ಲಿ ಬರೆದಿದೆ. ಮುಂದಿನ ಜೂನ್‌ಗೆ ಶೆಡ್ಡಿಗೆ ಸೇರಿಸುವ ಮೊದಲು ಕಾಕ್ ಮುಚ್ಚಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಬೇಕು, ಡ್ರೈನ್ ಸ್ಕ್ರೂ ಬಿಚ್ಚಿ ಬಟ್ಟಲಿನ ತಳದ ಉಳಿಕೆ ಇಳಿಸಬೇಕು, ಟ್ಯಾಂಕ್ ಖಾಲಿ ಮಾಡಬೇಕು, ಪೈಪಿನ ತುದಿಗಳಿಗೆಲ್ಲ ಕುಂಬಾರ ಹುಳ ನುಗ್ಗದಂತೆ ಬಟ್ಟೆ ಕಟ್ಟಬೇಕು. ಅಕ್ಟೋಬರಿನಲ್ಲಿ ಆ ಬಟ್ಟೆ ಬಿಚ್ಚಲು ನೆನಪಾಗುವಂತೆ ಒಂದು ಚೀಟಿಯನ್ನು ಹ್ಯಾಂಡಲ್‌ಗೆ ಕಟ್ಟಿ.